ಹಾಸನ ಸೀಮೆಯ ಕಾಲೇಜು ಮೈದಾನಗಳು

ಹಾಸನ ಜಿಲ್ಲೆಗೆ ಪ್ರವಾಸ ಹೊರಡುವವರು ಸಾಮಾನ್ಯವಾಗಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಂಬ ಮೂರು ಹೆಸರುಗಳನ್ನು ಹೇಳಿಕೊಂಡು ಹೊರಟು, ಆ ಮೂರನ್ನೂ ನೋಡಿ ಮನೆಗೆ ಹಿಂದಿರುಗುವರು. ಅದರಲ್ಲಿ ತಪ್ಪೇನೂ ಇಲ್ಲ. ಹೊಯ್ಸಳರ ಶಿಲ್ಪವನ್ನು ಒಮ್ಮೆಯಾದರೂ ನೋಡದ ಕಣ್ಣು ಕನ್ನಡಿಗನ ಕಣ್ಣಲ್ಲವೆಂದು ಹೇಳುವಷ್ಟು ಅಭಿಮಾನ ನಮಗೂ ಉಂಟು. ಆದರೆ ಈಚೆಗೆ ನಾವು ಅದೇ ಜಿಲ್ಲೆಯಲ್ಲಿ ನಾಲ್ಕು ದಿನಗಳನ್ನು ಕಳೆದು, ಆ ಮೂರರಲ್ಲಿ ಒಂದನ್ನೂ ನೋಡದೆ ಬಂದೆವು. ನಾವು ನೋಡಿದುದು ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಎಂಬ ನಾಲ್ಕು ಊರುಗಳ ಕಾಲೇಜು ಮೈದಾನಗಳನ್ನು. ಅಲ್ಲಿ ಬೆಳಗ್ಗೆ ಸಂಜೆ ಓಡುವ, ಎಗರುವ, ಬೀಳುವ, ಮೊಣಕಾಲಿನ ಧೂಳನ್ನು ಕೊಡವಿಕೊಂಡು ಮತ್ತೆ ಎದ್ದು ನಿಲ್ಲುವ ಹುಡುಗ ಹುಡುಗಿಯರನ್ನು.

ಇದಕ್ಕೆ ಕಾರಣವೊಂದುಂಟು. ನಮ್ಮ ಬಂಧುವರ್ಗದ ಹುಡುಗಿಯೊಬ್ಬಳು ಆ ಸೀಮೆಯ ಕಾಲೇಜೊಂದಕ್ಕೆ ಸೇರಿ, ಖೋ ಖೋ ತಂಡಕ್ಕೆ ಆಯ್ಕೆಯಾಗಿ, ಇನ್ನು ಮೇಲೆ ಪಂದ್ಯಗಳಿಗಾಗಿ ಊರಿಂದೂರಿಗೆ ಹೋಗಿ ಬರಬೇಕಾಗುತ್ತದೆಂದು ಮನೆಗೆ ತಿಳಿಸಿದಳು. ಮನೆಯಲ್ಲಿ ಕೂಡಲೆ ಎರಡು ಪಕ್ಷಗಳಾದುವು. "ಓದುವುದಕ್ಕೆ ಕಳಿಸಿದ್ದೋ, ಓಡುವುದಕ್ಕೆ ಕಳಿಸಿದ್ದೋ?" ಎಂದು ಅಜ್ಜಿ ಕೇಳಿದರು. "ಓಡದಿದ್ದ ಮಾತ್ರಕ್ಕೆ ಓದಿಬಿಡುತ್ತಾಳೆಂದು ಯಾರು ಹೇಳಿದರು?" ಎಂದು ಹುಡುಗಿಯ ಸೋದರಮಾವ ಕೇಳಿದರು. ವಾದವು ಒಂದು ವಾರ ನಡೆದು, ಯಾರಾದರೂ ಹೋಗಿ ಕಣ್ಣಾರೆ ನೋಡಿ ಬರತಕ್ಕದ್ದೆಂದು ತೀರ್ಮಾನವಾಯಿತು. ಆ ಭಾರ ನಮ್ಮ ಪಾಲಿಗೆ ಬಂದಿತು. ವಾಚಕರ ಮನೆಗಳಲ್ಲಿಯೂ ಇಂತಹ ವಾದ ನಡೆದಿರಬಹುದಾದುದರಿಂದ, ನಾವು ಕಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕಾಲೇಜು ಕಾಲೇಜುಗಳ ನಡುವಣ ಈ ಪಂದ್ಯಗಳ ಏರ್ಪಾಡನ್ನು ತಿಳಿಯುವುದು ಒಳ್ಳೆಯದು. ಅಮೆರಿಕ ದೇಶದಲ್ಲಿ ನೆರೆಹೊರೆಯ ಕಾಲೇಜುಗಳು ತಾವಾಗಿಯೇ ಕೂಡಿ ಒಂದು ಕ್ರೀಡಾ ಒಕ್ಕೂಟವನ್ನು ಕಟ್ಟಿಕೊಳ್ಳುವ ಪದ್ಧತಿ ಉಂಟು. ಅದನ್ನು ಅವರು ಕಾನ್ಫರೆನ್ಸ್ ಎನ್ನುವರು. 1896ರಲ್ಲಿ ಚಿಕಾಗೊ ನಗರದ ಸುತ್ತಣ ಸೀಮೆಯ ಏಳು ವಿಶ್ವವಿದ್ಯಾನಿಲಯಗಳು ಕೂಡಿ ಕಟ್ಟಿದ ಒಕ್ಕೂಟವು ಇವುಗಳಲ್ಲಿ ಹಳೆಯವುಗಳಲ್ಲೊಂದು; ಮುಂದೆ ಅದಕ್ಕೆ ಬಿಗ್ ಟೆನ್ ಎಂಬ ಹೆಸರು ನಿಂತಿತು. ನಮ್ಮಲ್ಲಿ ಹಾಗಿಲ್ಲ. ಒಂದು ಕಾಲೇಜು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆಯೋ ಆ ವಿಶ್ವವಿದ್ಯಾನಿಲಯವೇ ಅದರ ಕ್ರೀಡಾಕುಟುಂಬ. ವರ್ಷದ ಮೊದಲಲ್ಲಿ ವಿಶ್ವವಿದ್ಯಾನಿಲಯದ ದೈಹಿಕ ಶಿಕ್ಷಣ ವಿಭಾಗದವರು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕರೆದು, ಕಬಡ್ಡಿ ಈ ಕಾಲೇಜಿನಲ್ಲಿ, ವಾಲಿಬಾಲ್ ಆ ಕಾಲೇಜಿನಲ್ಲಿ, ಓಟ ನೆಗೆತಗಳ ಕೂಟ ಇಂತಹ ದಿನ ಎಂದು ಹಂಚಿಕೊಡುವರು. ಪಂದ್ಯಗಳು ಮುಗಿದ ಮೇಲೆ ಗೆದ್ದ ಕಾಲೇಜಿಗೆ ಪಾರಿತೋಷಕ. ಆಡಿದವರೆಲ್ಲರಲ್ಲಿ ಉತ್ತಮರನ್ನು ಆರಿಸಿ ವಿಶ್ವವಿದ್ಯಾನಿಲಯದ ತಂಡ. ಆ ತಂಡವು ದಕ್ಷಿಣ ವಲಯಕ್ಕೋ ಅಖಿಲ ಭಾರತ ಮಟ್ಟಕ್ಕೋ ಹೋಗುವುದು. ದೇಶದ ವಿಶ್ವವಿದ್ಯಾನಿಲಯಗಳ ನಡುವಣ ಈ ದೊಡ್ಡ ಪಂದ್ಯಗಳನ್ನು ನಡೆಸತಕ್ಕ ಸಂಸ್ಥೆಯು 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಲಿಯೆಂದು ಹುಟ್ಟಿ, 1973ರಲ್ಲಿ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂಬ ಹೆಸರನ್ನು ತಾಳಿತು.

ಹಾಸನ ಸೀಮೆಯ ಕಾಲೇಜುಗಳಿಗೆ ಬಹುಕಾಲ ಮೈಸೂರೇ ತವರುಮನೆಯಾಗಿದ್ದಿತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದಿಂದ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಶಿವಮೊಗ್ಗದ ಕುವೆಂಪು ವಿಶ್ವವಿದ್ಯಾನಿಲಯ, ಹೀಗೆ ಒಂದೊಂದಾಗಿ ಬೇರೆಯಾದರೂ ಹಾಸನವು ಮೈಸೂರನ್ನು ಬಿಡಲಿಲ್ಲ. ಕಡೆಗೆ 2023ರ ಮಾರ್ಚಿಯಲ್ಲಿ, ಊರ ಹೊರಗಿನ ಹೇಮಗಂಗೋತ್ರಿಯೆಂಬ ಸ್ನಾತಕೋತ್ತರ ಕೇಂದ್ರವನ್ನೇ ಮೂಲವಾಗಿಟ್ಟುಕೊಂಡು ಹಾಸನ ವಿಶ್ವವಿದ್ಯಾನಿಲಯವು ಹುಟ್ಟಿತು. ಹೀಗೆಯೇ ಮಂಡ್ಯಕ್ಕೊಂದು, ಚಾಮರಾಜನಗರಕ್ಕೊಂದು. ಅವಿಭಕ್ತ ಕುಟುಂಬವು ಭಾಗವಾಗಿ ನಾಲ್ಕು ಮನೆಗಳಾದಂತೆ ಆಯಿತು. ಭಾಗದ ಸುಖವೂ ಭಾಗದ ಕಷ್ಟವೂ ಈ ಮೈದಾನಗಳಲ್ಲಿ ಹೇಗೆ ಕಾಣಬರುತ್ತವೆಂಬುದನ್ನು ಮುಂದೆ ಹೇಳುವೆವು.

ಹಾಸನ ನಗರವು ಸಮುದ್ರಮಟ್ಟಕ್ಕೆ ಮೂರು ಸಾವಿರ ಅಡಿಗಳಿಗಿಂತ ಮೇಲಿದ್ದು, ಬೆಳಗಿನ ಹೊತ್ತಿನಲ್ಲಿ ಗಾಳಿ ತಂಪಾಗಿ ಬೀಸುತ್ತದೆ. ಓಡುವವರಿಗೆ ಇದಕ್ಕಿಂತ ಒಳ್ಳೆಯ ಹವೆ ಬಯಲುಸೀಮೆಯಲ್ಲಿ ದೊರೆಯುವುದು ಕಷ್ಟ. ನಾವು ಹೋದುದು ಗೌರೀಹಬ್ಬ ಕಳೆದ ವಾರ. ಆರು ಗಂಟೆಗೆ ಮೈದಾನದ ಅಂಚಿನಲ್ಲಿ ನಿಂತಾಗ ಮಂಜು ಇನ್ನೂ ಹರಿದಿರಲಿಲ್ಲ. ಕಂಬಳಿ ಹೊದ್ದ ಮುದುಕರು ಒಂದು ಕಡೆ ನಡೆಯುತ್ತಿದ್ದರು, ಇನ್ನೊಂದು ಕಡೆ ಹುಡುಗರಿಬ್ಬರು ಸುಣ್ಣದ ಪುಡಿಯಿಂದ ಓಟದ ಗೆರೆಗಳನ್ನು ಎಳೆಯುತ್ತಿದ್ದರು. ಗೆರೆ ಎಳೆಯುವುದು ಸುಲಭದ ಕೆಲಸವೆಂದು ಅದುವರೆಗೆ ನಾವು ತಿಳಿದಿದ್ದೆವು. ನೂರು ಮೀಟರಿನ ಓಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವರು, ನಾನೂರು ಮೀಟರಿನ ಓಟಕ್ಕೆ ಮಾತ್ರ ಒಬ್ಬರಿಗಿಂತ ಒಬ್ಬರು ಮುಂದೆ ಮುಂದೆ ನಿಲ್ಲುವುದನ್ನು ಕಂಡು ನಮ್ಮೊಡನಿದ್ದ ಹೆಂಗಸರೊಬ್ಬರು, "ಇದೇನು ಅನ್ಯಾಯ! ಆ ಕೊನೆಯವನು ಆಗಲೇ ಅರ್ಧ ಗೆದ್ದಂತಾಯಿತಲ್ಲ!" ಎಂದರು. ಅಲ್ಲಿದ್ದ ದೈಹಿಕ ಶಿಕ್ಷಣ ನಿರ್ದೇಶಕರು ನಕ್ಕು, "ಅನ್ಯಾಯವಾಗಬಾರದು ಅಂತಲೇ ಹಾಗೆ ನಿಲ್ಲಿಸೋದು ತಾಯಿ" ಎಂದು ವಿವರಿಸಿದರು. ಒಂದೊಂದು ಓಣಿಯ ಅಗಲ 1.22 ಮೀಟರು. ಹೊರಗಿನ ಓಣಿಯಲ್ಲಿ ಓಡುವವನು ತಿರುವುಗಳಲ್ಲಿ ದೊಡ್ಡ ಸುತ್ತನ್ನು ಸುತ್ತಬೇಕು. ಅದನ್ನು ಸರಿದೂಗಿಸಲು ಎರಡನೆಯ ಓಣಿಯವನನ್ನು 7.04 ಮೀಟರು ಮುಂದೆ ನಿಲ್ಲಿಸುವರು. ಅಲ್ಲಿಂದಾಚೆಗೆ ಓಣಿಯೊಂದಕ್ಕೆ ಏಳೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಎಂಟನೆಯವನು ಮೊದಲನೆಯವನಿಗಿಂತ 53 ಮೀಟರು ಮುಂದಿರುವನು. ಆದರೂ ಎಲ್ಲರೂ ಓಡುವುದು ಅದೇ ನಾನೂರು ಮೀಟರು. ಮಳೆ ಬಂದು ಸುಣ್ಣವು ಕರಗಿತೆಂದರೆ ಅಳತೆಯೆಲ್ಲ ಮತ್ತೆ ಮೊದಲಿನಿಂದ.

ನಗರದಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ಸರ್ಕಾರಿ ಕಲಾ ಕಾಲೇಜು, ಸರ್ಕಾರಿ ವಿಜ್ಞಾನ ಕಾಲೇಜು, ಹೆಣ್ಣುಮಕ್ಕಳಿಗಾಗಿ ಎ.ವಿ. ಕಾಂತಮ್ಮ ಕಾಲೇಜು, 1960ರಲ್ಲಿ ಪ್ರಾರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, 2006ರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಪಶುವೈದ್ಯಕೀಯ ಕಾಲೇಜು, ಹತ್ತಿರದ ಕಾರೆಕೆರೆಯಲ್ಲಿ ಕೃಷಿ ಕಾಲೇಜು. ಇಷ್ಟೊಂದು ಕಾಲೇಜುಗಳು ಒಂದೇ ಊರಿನಲ್ಲಿರುವಾಗ ದಿನಕ್ಕೊಂದು ಪಂದ್ಯ ನಡೆಯಬಹುದಲ್ಲವೆ ಎಂದು ನಾವು ಎಣಿಸಿದೆವು. ಆದರೆ ವಿಚಾರಿಸಿದಾಗ ತಿಳಿದುಬಂದ ಸಂಗತಿಯು ನಮಗೆ ವಿಚಿತ್ರವೆನಿಸಿತು. ಎಂಜಿನಿಯರಿಂಗ್ ಕಲಿಯುವವರು 1998ರಿಂದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಸೇರಿದವರು, ವೈದ್ಯ ವಿದ್ಯಾರ್ಥಿಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದವರು, ಪಶುವೈದ್ಯರಾಗತಕ್ಕವರು ಬೀದರಿನವರು, ಕೃಷಿಕಾಲೇಜಿನವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು. ಹೀಗೆ ಎಂಜಿನಿಯರಿಂಗ್ ಕಾಲೇಜಿನ ಹುಡುಗನು ವಿಶ್ವವಿದ್ಯಾನಿಲಯದ ಪಂದ್ಯದಲ್ಲಿ ಮೈಸೂರು ಮಂಗಳೂರುಗಳ ಎಂಜಿನಿಯರುಗಳೊಡನೆ ಸೆಣಸುವನೇ ಹೊರತು, ಪಕ್ಕದ ಬೀದಿಯ ಕಲಾ ಕಾಲೇಜಿನ ಗೆಳೆಯನೊಡನೆ ಅಲ್ಲ. ಪಕ್ಕದ ಮನೆಯವರ ಮುಖ ನೋಡದೆ ದೂರದ ಊರಿನ ಬೀಗರನ್ನೇ ಕರೆದು ಊಟ ಹಾಕುವ ಮನೆಗಳನ್ನು ನಾವು ನೋಡಿದ್ದೇವೆ. ಇದು ಅದೇ ಬಗೆಯದು. ಇವರೆಲ್ಲರೂ ಒಂದೇ ಕಣದಲ್ಲಿ ನಿಲ್ಲಬಹುದಾದ ಸಂದರ್ಭವೆಂದರೆ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ಅಲ್ಲಿಂದ ಮೈಸೂರಿಗೆ ಏರಿಕೊಂಡು ಹೋಗುವ ದಸರಾ ಕ್ರೀಡಾಕೂಟ. ಅಲ್ಲಿ ಕಾಲೇಜಿನ ಹೆಸರಿಲ್ಲ, ಊರಿನ ಹೆಸರು ಮಾತ್ರ.

ಹಾಸನದಿಂದ ದಕ್ಷಿಣಕ್ಕೆ ಅರಕಲಗೂಡಿಗೆ ಸುಮಾರು ಮೂವತ್ತು ಕಿಲೋಮೀಟರು. ದಾರಿಯಲ್ಲಿ ಗೊರೂರು. ರಾಮಸ್ವಾಮಿ ಅಯ್ಯಂಗಾರ್ಯರ ಹಾಸ್ಯವನ್ನು ಓದಿ ಬೆಳೆದವರಿಗೆ ಈ ಊರಿನ ಹೆಸರು ಕೇಳಿದೊಡನೆ ತುಟಿಯಂಚಿನಲ್ಲಿ ನಗು ಮೂಡುವುದು. ಅವರು ಬರೆದ ಹಳ್ಳಿಯ ಹೊಳೆಗೆ 1979ರಲ್ಲಿ ಅಣೆಕಟ್ಟು ಪೂರ್ಣಗೊಂಡು, ಈಗ ಹೇಮಾವತಿಯು ಅಲ್ಲಿ ಸಮುದ್ರದಂತೆ ಹರಡಿ ನಿಂತಿದ್ದಾಳೆ. ಅಣೆಕಟ್ಟಿನ ಉದ್ದ ನಾಲ್ಕೂವರೆ ಕಿಲೋಮೀಟರಿಗಿಂತ ಹೆಚ್ಚು. ನೀರಿನಡಿಗೆ ಹೋದ ಹಳ್ಳಿಗಳ ಜನರು ಮನೆಮಠಗಳನ್ನು ಬಿಟ್ಟು ಬೇರೆ ಕಡೆ ನೆಲಸಿದರು.

ಅರಕಲಗೂಡು ಚಿಕ್ಕ ಊರು. ಅರ್ಕನೆಂದರೆ ಸೂರ್ಯ, ಗೌತಮ ಮಹರ್ಷಿಗಳು ಸೂರ್ಯನನ್ನು ಆರಾಧಿಸಿದ ಸ್ಥಳವಾದುದರಿಂದ ಈ ಹೆಸರೆಂದು ಊರಿನವರು ಹೇಳುವರು. ಕಾದಂಬರಿಕಾರ ಅ.ನ. ಕೃಷ್ಣರಾಯರ ಹೆಸರಿನ ಮೊದಲಲ್ಲಿರುವ "ಅ" ಎಂಬುದು ಈ ಅರಕಲಗೂಡೇ. ಇಲ್ಲಿಗೆ ರೈಲು ಇಲ್ಲ. ಸುತ್ತಲೂ ಆಲೂಗೆಡ್ಡೆ, ಜೋಳ, ಶುಂಠಿ, ಹೊಗೆಸೊಪ್ಪು. ಹತ್ತಿರದ ರಾಮನಾಥಪುರದಲ್ಲಿ ತಂಬಾಕು ಮಂಡಲಿಯ ಹರಾಜು ಕಟ್ಟೆಗಳಿವೆ. ಬೆಳೆಯ ವಿಷಯವನ್ನು ಇಲ್ಲಿ ಏಕೆ ಹೇಳಿದೆವೆಂದರೆ, ಈ ತಾಲ್ಲೂಕಿನ ಕಾಲೇಜುಗಳ ಆಟದ ಗತಿಯು ಬೆಳೆಯೊಡನೆ ಹೆಣೆದುಕೊಂಡಿರುವುದು. ಪಂದ್ಯಗಳ ಕಾಲವು ಪ್ರಾರಂಭವಾಗುವುದೂ, ಆಲೂಗೆಡ್ಡೆ ಕೀಳುವುದೂ, ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದಮಾಡುವುದೂ ಹೆಚ್ಚು ಕಡಿಮೆ ಒಂದೇ ಕಾಲ. ಬ್ಯಾರನ್ನಿನ ಬೆಂಕಿಯನ್ನು ಹಗಲು ರಾತ್ರಿ ಕಾಯಬೇಕು. ಕಬಡ್ಡಿಯ ಹುಡುಗನು ರಾತ್ರಿಯೆಲ್ಲ ಬೆಂಕಿಯ ಮುಂದೆ ಕುಳಿತು, ಬೆಳಗ್ಗೆ ಅಭ್ಯಾಸಕ್ಕೆ ಬಂದು, ಪಾಠದ ಹೊತ್ತಿನಲ್ಲಿ ತೂಕಡಿಸುವನು. ಇದನ್ನು ಸೋಮಾರಿತನವೆಂದು ಕರೆಯುವ ಉಪಾಧ್ಯಾಯರಿಗೆ ಹೊಗೆಸೊಪ್ಪಿನ ವಿಷಯ ತಿಳಿಯದೆಂದೇ ಹೇಳಬೇಕು.

ಇಲ್ಲಿಯೇ ನಮಗೆ ಭಾಗವಾದ ಮನೆಯ ಸುಖವೇನೆಂಬುದು ಅರ್ಥವಾಯಿತು. ಮೈಸೂರಿನ ಕಾಲದಲ್ಲಿ ವಿಶ್ವವಿದ್ಯಾನಿಲಯದ ಕೂಟಗಳು ಸಾಮಾನ್ಯವಾಗಿ ಮೈಸೂರಿನಲ್ಲಿ ನಡೆಯುತ್ತಿದ್ದುವು. ಅರಕಲಗೂಡಿನಿಂದ ಅದು ನೂರು ಕಿಲೋಮೀಟರಿನಷ್ಟು ದೂರ. ಬೆಳಗ್ಗೆ ಎಂಟು ಗಂಟೆಗೆ ಮೈದಾನದಲ್ಲಿ ಹಾಜರಿರಬೇಕಾದರೆ ಹಿಂದಿನ ಸಂಜೆಯೇ ಹೊರಡಬೇಕು. ರಾತ್ರಿ ತಂಗಲು ಸ್ಥಳ ಬೇಕು. ಹೆಣ್ಣುಮಕ್ಕಳಿದ್ದರೆ ಜೊತೆಗೆ ಉಪಾಧ್ಯಾಯಿನಿಯೊಬ್ಬರು ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹುಡುಗಿಯು ಮನೆಯಲ್ಲಿ ಉಳಿಯುತ್ತಿದ್ದಳು. ಹಾಸನದಲ್ಲಿ ಕೂಟ ನಡೆದರೆ ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಆಡಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಹಿಂದಿರುಗಬಹುದು. ಇನ್ನೊಂದು ಅನುಕೂಲವೂ ಒದಗಿಬಂದಿದೆ. 2023ರ ಜೂನ್ 11ರಂದು ಪ್ರಾರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಚಾರ್ಜಿಲ್ಲ. ಹುಡುಗಿಯರ ಹನ್ನೆರಡು ಮಂದಿಯ ತಂಡವು ಕಾಸಿಲ್ಲದೆ ಪಂದ್ಯಕ್ಕೆ ಹೋಗಿ ಬರುವುದು. ಹುಡುಗರ ತಂಡಕ್ಕೆ ಮಾತ್ರ ಬಸ್ಸಿನ ಚಾರ್ಜನ್ನು ಕಾಲೇಜು ಹೊಂದಿಸಬೇಕು. "ಮೊದಲು ಹುಡುಗರ ತಂಡ ಕಳಿಸಿ, ದುಡ್ಡು ಉಳಿದರೆ ಹುಡುಗಿಯರದು ಅಂತಿತ್ತು ಸ್ವಾಮಿ, ಈಗ ತಿರುಗಾಮುರುಗಾ ಆಗಿದೆ" ಎಂದು ಅಲ್ಲಿಯವರೊಬ್ಬರು ಹೇಳಿದರು. ಅವರ ಮುಖದಲ್ಲಿ ಬೇಸರಕ್ಕಿಂತ ಸಂತೋಷವೇ ಹೆಚ್ಚಾಗಿದ್ದಿತು.

ತಂಡದಲ್ಲಿ ದೊರೆಯತಕ್ಕ ಸ್ಥಾನದ ಲೆಕ್ಕವೂ ಉಂಟು. ಕಬಡ್ಡಿಯ ತಂಡಕ್ಕೆ ಕಣದೊಳಗೆ ಏಳು, ಹೊರಗೆ ಐದು ಎಂದು ಹನ್ನೆರಡು ಮಂದಿಯನ್ನು ಹಿಡಿದರೆ, ಮುಂಚೆ ನಾಲ್ಕು ಜಿಲ್ಲೆಗಳಿಗೆ ಸೇರಿ ಹನ್ನೆರಡು; ಬೇರೆಯಾದ ಮೇಲೆ ಈ ಒಂದು ಜಿಲ್ಲೆಗೇ ಹನ್ನೆರಡು. ಊರಿನ ಹೆಸರನ್ನೇ ಕೇಳದ ದೇಶದ ಮೂಲೆಗೆ ರೈಲು ಹತ್ತಿ ಹೋಗಿ, ತನ್ನ ಎದೆಯ ಮೇಲೆ ಹಾಸನವೆಂದು ಬರೆದುಕೊಂಡು ಆಡುವ ಅವಕಾಶವು ಅರಕಲಗೂಡಿನ ರೈತರ ಮಗಳಿಗೆ ಇಷ್ಟು ಹತ್ತಿರಕ್ಕೆ ಹಿಂದೆ ಬಂದಿರಲಿಲ್ಲ.

ಆದರೆ ಕಷ್ಟವನ್ನೂ ಹೇಳಬೇಕು. ಭಾಗವಾದ ಮನೆಯಲ್ಲಿ ಪಾತ್ರೆಗಳು ಕಡಿಮೆ. ಹಳೆಯ ವಿಶ್ವವಿದ್ಯಾನಿಲಯವು ನೂರು ವರ್ಷಗಳಲ್ಲಿ ಕೂಡಿಹಾಕಿದ ಮೈದಾನ, ಉಪಕರಣ, ತರಬೇತುಗಾರರು, ಹೆಸರು, ಇವು ಹೊಸ ಮನೆಗೆ ಒಂದೇ ದಿನದಲ್ಲಿ ಬರುವುದಿಲ್ಲ. ಎದುರಾಳಿಗಳಾದರೋ ಬಲಿಷ್ಠರು. ಓಟ ನೆಗೆತಗಳಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವು ಅಖಿಲ ಭಾರತದ ಪ್ರಶಸ್ತಿಯನ್ನು ಹಲವು ಸಲ ಗೆದ್ದಿದೆ. ಅದರ ಬೆನ್ನೆಲುಬಾಗಿರುವುದು ಮೂಡುಬಿದಿರೆಯ ಆಳ್ವಾಸ್ ಕಾಲೇಜು. ಅಲ್ಲಿ ಆಯ್ದ ಕ್ರೀಡಾಪಟುಗಳಿಗೆ ಊಟ, ವಸತಿ, ವಿದ್ಯಾಭ್ಯಾಸಗಳನ್ನು ಉಚಿತವಾಗಿ ಒದಗಿಸುವರು. ಬಡವರ ಮಗುವಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರೌಢಶಾಲೆಯಲ್ಲಿ ಚುರುಕಾಗಿ ಓಡುತ್ತಿದ್ದ ಮಗುವು ಶಿರಾಡಿ ಘಾಟಿಯನ್ನು ಇಳಿದು ಹೋದ ಮೇಲೆ, ಇಲ್ಲಿಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವವರು ಯಾರಿಗಾಗಿ ಎಳೆಯಬೇಕು? ನಮ್ಮ ಅಭಿಪ್ರಾಯದಲ್ಲಿ, ಹೋಗುವವರನ್ನು ತಡೆಯಬಾರದು. ಇಲ್ಲಿ ಉಳಿಯುವವರಿಗೆ ಬೆಳಗಿನ ಒಂದು ಲೋಟ ಹಾಲು, ಎರಡು ಮೊಟ್ಟೆ, ಒಳ್ಳೆಯ ಒಂದು ಜೊತೆ ಬೂಟುಗಳನ್ನಾದರೂ ಒದಗಿಸಬೇಕು. ಹರಿದ ಬೂಟಿಗೆ ದಾರ ಸುತ್ತಿಕೊಂಡು ಉದ್ದನೆಗೆತವನ್ನು ಅಭ್ಯಾಸಮಾಡುವ ಹುಡುಗನೊಬ್ಬನನ್ನು ನಾವು ಕಂಡೆವು. ಅವನು ನೆಗೆಯುವ ಗುಂಡಿಯ ಮರಳನ್ನು ಅವನೇ ಹೊಳೆಯಿಂದ ತಂದು ತುಂಬಿದ್ದನಂತೆ.

ಇದೆಲ್ಲದರ ಮೇಲೆ, ಹೊಸ ಮನೆಯು ಉಳಿಯುವುದೇ ಎಂಬ ಪ್ರಶ್ನೆಯೂ ಎದ್ದಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು, ಹಣದ ಅಭಾವವನ್ನು ಕಾರಣವಾಗಿ ತೋರಿಸಿ, ಹಾಸನವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚಿ ಹಳೆಯವುಗಳಲ್ಲಿ ಸೇರಿಸುವುದು ಲೇಸೆಂದಿತು. ಪತ್ರಿಕೆಗಳಲ್ಲಿ ಪರ ವಿರೋಧಗಳೆರಡೂ ಬಂದುವು. ಪಾಠ, ಪರೀಕ್ಷೆ, ಹುದ್ದೆ, ಅನುದಾನಗಳ ಮಾತೇ ಎಲ್ಲ ಕಡೆಯೂ. ಮೈದಾನದ ಮಾತನ್ನು ಆಡಿದವರನ್ನು ನಾವು ಕಾಣೆವು. ಹಣವಿಲ್ಲದೆ ವಿಶ್ವವಿದ್ಯಾನಿಲಯ ನಡೆಯದೆಂಬುದು ನಿಜ. ಸಾಲ ಮಾಡಿ ಕಟ್ಟಿದ ಮನೆಯಲ್ಲಿ ನಿದ್ರೆ ಬಾರದು. ಆದರೂ ಮನೆಯನ್ನು ಮತ್ತೆ ಕೂಡಿಸುವವರು, ಅರಕಲಗೂಡಿನ ಹುಡುಗಿಯ ಪಂದ್ಯವು ಹಾಸನದಲ್ಲಿಯೇ ನಡೆಯುವಂತೆ ಒಂದು ಏರ್ಪಾಡನ್ನು ಉಳಿಸಿಕೊಳ್ಳಬಾರದೇಕೆ? ನಾವು ಮೊದಲು ಹೇಳಿದ ಅಮೆರಿಕದ ಒಕ್ಕೂಟದ ಗತಿಯನ್ನು ನೋಡಿ. ನೆರೆಹೊರೆಯವರ ಗೆಳೆತನಕ್ಕೆಂದು ಹುಟ್ಟಿದ ಅದು, ದೂರದರ್ಶನದ ಹಣದ ಆಸೆಯಿಂದ ಬೆಳೆಯುತ್ತ ಹೋಗಿ, 2024ರಲ್ಲಿ ಹದಿನೆಂಟು ವಿಶ್ವವಿದ್ಯಾನಿಲಯಗಳಾಗಿ, ಪೆಸಿಫಿಕ್ ಸಮುದ್ರದ ದಡದಿಂದ ಅಟ್ಲಾಂಟಿಕ್ ದಡದವರೆಗೆ ಹಬ್ಬಿತು. ಒಂದು ವಾಲಿಬಾಲ್ ಪಂದ್ಯಕ್ಕಾಗಿ ವಿದ್ಯಾರ್ಥಿನಿಯರು ವಿಮಾನದಲ್ಲಿ ಇಡೀ ಖಂಡವನ್ನು ದಾಟಬೇಕಾಯಿತು. ಹಣವಂತರ ದೇಶ, ನಡೆಯುತ್ತದೆ. ನಮ್ಮ ಹುಡುಗಿಯರಿಗೆ ಅರಕಲಗೂಡಿನಿಂದ ಮೈಸೂರೇ ಒಂದು ಖಂಡ.

ಅರಕಲಗೂಡಿನಿಂದ ಪೂರ್ವಕ್ಕೆ ಹೊಳೆನರಸೀಪುರ. ಇದು ಹೇಮಾವತಿಯ ದಡದ ಊರು. ಮೈಸೂರು ಅರಸೀಕೆರೆಗಳ ನಡುವಣ ರೈಲುದಾರಿಯು ಊರನ್ನು ಮುಟ್ಟಿಕೊಂಡು ಹೋಗುತ್ತದೆ. ಲಕ್ಷ್ಮೀನರಸಿಂಹನ ಗುಡಿಯೂ, ವೇದಾಂತದ ಗ್ರಂಥಗಳನ್ನು ಪ್ರಕಟಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವೂ ಇಲ್ಲಿವೆ. 1996ರಲ್ಲಿ ಭಾರತದ ಪ್ರಧಾನಿಯಾದ ಎಚ್.ಡಿ. ದೇವೇಗೌಡರು ಈ ತಾಲ್ಲೂಕಿನ ಹರದನಹಳ್ಳಿಯವರು, ಹಾಸನದ ಎಲ್.ವಿ. ಪಾಲಿಟೆಕ್ನಿಕ್ಕಿನಲ್ಲಿ ಓದಿದವರು. ಈ ಊರಿನ ಅಳತೆಗೆ ಕಾಲೇಜುಗಳು ಹೆಚ್ಚೆಂದೇ ಹೇಳಬೇಕು. ಹೆಣ್ಣುಮಕ್ಕಳ ಗೃಹವಿಜ್ಞಾನ ಕಾಲೇಜು ಇಲ್ಲಿಯ ವಿಶೇಷ.

ಗೃಹವಿಜ್ಞಾನವೆಂದರೆ ಅಡಿಗೆ ಹೊಲಿಗೆ ಎಂದು ನಗುವವರುಂಟು. ಆಹಾರದಲ್ಲಿ ಏನಿದೆ, ದೇಹಕ್ಕೆ ಏನು ಬೇಕು ಎಂಬುದನ್ನು ಓದಿದವರು ಆಟದ ಮೈದಾನಕ್ಕೆ ಎಷ್ಟು ಬೇಕಾದವರೆಂಬುದನ್ನು ಅಂತಹವರು ಯೋಚಿಸಿಲ್ಲ. ನಮ್ಮ ರಾಗಿಯ ಮುದ್ದೆ, ಹುರುಳಿಕಾಳಿನ ಸಾರು, ಕಡಲೆಕಾಯಿ, ಬೆಲ್ಲ, ಮಜ್ಜಿಗೆ, ಇವುಗಳಿಂದಲೇ ಓಟಗಾರರನ್ನು ಬೆಳೆಸಬಹುದೆಂದು ಆಹಾರಶಾಸ್ತ್ರ ಓದಿದ ವಿದ್ಯಾರ್ಥಿನಿಯೊಬ್ಬಳು ನಮಗೆ ಹೇಳಿದಳು. ರಾಗಿಯಲ್ಲಿರುವಷ್ಟು ಸುಣ್ಣದ ಅಂಶವು ಅಕ್ಕಿ ಗೋಧಿಗಳಲ್ಲಿ ಇಲ್ಲವೆಂದು ಅವಳು ಹೇಳಿದಾಗ, ಮೈದಾನದ ಗೆರೆಗೆ ಹಾಕುವ ಸುಣ್ಣವು ನೆನಪಿಗೆ ಬಂದು ನಾವು ನಕ್ಕೆವು; ಅವಳು ನಗಲಿಲ್ಲ. ಅವಳ ಮಾತಿನ ಮುಂದಿನ ಭಾಗವು ನಗತಕ್ಕದ್ದೂ ಆಗಿರಲಿಲ್ಲ. ವ್ಯಾಯಾಮಶಾಲೆಗಳಲ್ಲಿ ಮಾರುವ ಡಬ್ಬಿಯ ಪುಡಿಗಳೂ ಮಾತ್ರೆಗಳೂ ಚಿಕ್ಕ ಊರುಗಳಿಗೂ ಬಂದಿವೆಯೆಂದೂ, ಡಬ್ಬಿಯ ಮೇಲೆ ಬರೆದಿರುವುದೊಂದು ಒಳಗೆ ಇರುವುದೊಂದು ಆಗಬಹುದೆಂದೂ ಅವಳು ಎಚ್ಚರಿಸಿದಳು. ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನಿಂದ ಬಂದ ಡಿ.ಪಿ. ಮನು ಎಂಬ ಭಲ್ಲೆ ಎಸೆತಗಾರರು 2023ರಲ್ಲಿ ಬ್ಯಾಂಕಾಕಿನ ಏಷ್ಯಾ ಕೂಟದಲ್ಲಿ ಬೆಳ್ಳಿಯ ಪದಕವನ್ನು ಪಡೆದು, ಅದೇ ವರ್ಷ ಬುಡಾಪೆಸ್ಟಿನ ವಿಶ್ವಕೂಟದಲ್ಲಿ 84.14 ಮೀಟರು ಎಸೆದು ಆರನೆಯವರಾಗಿ ನಿಂತಾಗ ಜಿಲ್ಲೆಯೇ ಹಿಗ್ಗಿತು. ಮರುವರ್ಷ ಅವರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ, 2025ರಲ್ಲಿ ನಾಲ್ಕು ವರ್ಷಗಳ ನಿಷೇಧಕ್ಕೆ ಗುರಿಯಾದರು. ಮಕ್ಕಳನ್ನು ಮೈದಾನಕ್ಕೆ ಕಳಿಸುವ ತಾಯಂದಿರು ಅವರ ಚೀಲದಲ್ಲಿ ಏನಿದೆಯೆಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಮೈದಾನದ ಬೇಲಿಯ ಆಚೆ ಮೇಕೆಗಳನ್ನು ಬಿಟ್ಟುಕೊಂಡು ನಿಂತಿದ್ದ ಹೆಂಗಸೊಬ್ಬಳು ಬಹಳ ಹೊತ್ತಿನಿಂದ ಒಳಗೆ ನೋಡುತ್ತಿದ್ದಳು. ಅವಳ ಮಗಳು ಒಳಗೆ ಗುಂಡು ಎಸೆಯುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಹೆಂಗಸರ ಗುಂಡಿನ ತೂಕ ನಾಲ್ಕು ಕಿಲೋಗ್ರಾಮು. "ಇದರಿಂದ ಏನು ಬತ್ತದೆ ಅಂತ ನಮ್ಮೋರು ಕೇಳ್ತಾರೆ ಕಣವ್ವ. ನಂಗೂ ಗೊತ್ತಿಲ್ಲ. ಆದ್ರೆ ಅವಳು ಬಸ್ಸಲ್ಲಿ ಒಬ್ಳೇ ಹಾಸನಕ್ಕೆ ಹೋಗಿ ಬತ್ತಾಳೆ, ನಾನು ಮದುವೆ ಆಗಿ ಇಪ್ಪತ್ತು ವರ್ಷ ಆದ್ರೂ ಒಬ್ಳೇ ಹೋಗಿಲ್ಲ" ಎಂದು ಅವಳು ನಮ್ಮೊಡನಿದ್ದ ಹೆಂಗಸರಿಗೆ ಹೇಳಿದಳು. ಅಜ್ಜಿಯ ಪ್ರಶ್ನೆಗೆ ನಾವು ಹುಡುಕುತ್ತಿದ್ದ ಉತ್ತರವು ಇಲ್ಲಿ ದೊರೆತಂತಾಯಿತು. ಆಟದಿಂದ ಕೆಲಸ ದೊರೆಯುವುದೂ ಉಂಟು. ಪೋಲೀಸು, ರೈಲ್ವೆ, ಸೇನೆ ಮೊದಲಾದ ಇಲಾಖೆಗಳು ಆಟಗಾರರನ್ನು ತೆಗೆದುಕೊಳ್ಳುವುವು. ಆದರೆ ನೂರರಲ್ಲಿ ಎಷ್ಟು ಮಂದಿಗೆ ಅದು ಲಭಿಸೀತು? ಉಳಿದವರಿಗೆ ದೊರೆಯುವುದು ಈ ಬಸ್ಸಿನ ಪ್ರಯಾಣ.

ಚನ್ನರಾಯಪಟ್ಟಣಕ್ಕೆ ನಾವು ಕೊನೆಯ ದಿನ ಮಧ್ಯಾಹ್ನ ತಲಪಿದೆವು. ಬೆಂಗಳೂರು ಹಾಸನಗಳ ಹೆದ್ದಾರಿಯ ಮೇಲಿರುವ ಈ ಊರು ತೆಂಗಿನ ತೋಟಗಳ ನಡುವೆ ಇದೆ. 2017ರಲ್ಲಿ ಬೆಂಗಳೂರಿನವರೆಗೆ ಪೂರ್ಣಗೊಂಡ ರೈಲುದಾರಿಯೂ ಇಲ್ಲಿಂದ ಹಾಯುತ್ತದೆ. ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ಹುಟ್ಟಿದ ಸಂತೇಶಿವರ ಈ ತಾಲ್ಲೂಕಿನಲ್ಲಿದೆ. ಊರಿನಲ್ಲಿ ಶ್ರೀ ಆದಿಚುಂಚನಗಿರಿ ಪ್ರಥಮ ದರ್ಜೆ ಕಾಲೇಜು ಮುಂತಾದ ಸಂಸ್ಥೆಗಳುಂಟು. ಹೆಚ್ಚು ತಿರುಗಾಡಲು ನಮಗೆ ಹೊತ್ತಿರಲಿಲ್ಲ. ಏಕೆಂದರೆ ಊರಿನ ಒಂದು ಮೈದಾನದಲ್ಲಿ ಎರಡು ಕಾಲೇಜುಗಳ ಹುಡುಗಿಯರು ಗೆಳೆತನದ ಖೋ ಖೋ ಪಂದ್ಯವನ್ನು ಆಗಲೇ ಪ್ರಾರಂಭಿಸಿದ್ದರು.

ಖೋ ಖೋ ಬಲ್ಲವರಿಗೆ ಹೇಳಬೇಕಾಗಿಲ್ಲ. ಬಲ್ಲದವರಿಗಾಗಿ ಎರಡು ಮಾತು. ಬೆನ್ನಟ್ಟುವ ತಂಡದ ಎಂಟು ಮಂದಿ ನಡುಗೆರೆಯ ಮೇಲೆ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖಮಾಡಿ ಕುಳಿತಿರುವರು, ಒಂಬತ್ತನೆಯವಳು ಅಟ್ಟುವಳು. ಅಟ್ಟುವವಳು ನಡುಗೆರೆಯನ್ನು ದಾಟಬಾರದು, ಹಿಂದಕ್ಕೆ ತಿರುಗಬಾರದು. ಕುಳಿತವಳ ಬೆನ್ನು ಮುಟ್ಟಿ "ಖೋ" ಎಂದು ಕೂಗಿ, ತನ್ನ ಕೆಲಸವನ್ನು ಅವಳಿಗೆ ಕೊಟ್ಟು, ತಾನು ಅಲ್ಲಿ ಕುಳಿತುಕೊಳ್ಳಬೇಕು. ತಪ್ಪಿಸಿಕೊಳ್ಳುವವರು ಮೂವರು ಮೂವರಾಗಿ ಒಳಗೆ ಬರುವರು. ಅವರಿಗೆ ಈ ಯಾವ ಕಟ್ಟಳೆಯೂ ಇಲ್ಲ. ಕುಳಿತವರ ನಡುವೆ ಮೀನಿನಂತೆ ಹೇಗೆ ಬೇಕಾದರೂ ನುಸುಳಬಹುದು. ಬೂಟು ಬೇಡ, ಬ್ಯಾಟು ಬೇಡ. ಎರಡು ಕಂಬ, ಒಂದು ಹಿಡಿ ಸುಣ್ಣ ಇದ್ದರೆ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲನೆಯ ಖೋ ಖೋ ವಿಶ್ವಕಪ್ಪು ನಡೆದು ಭಾರತದ ಮಹಿಳೆಯರು ಗೆದ್ದಾಗ, ಆ ತಂಡದಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರೆಂಬ ಹಳ್ಳಿಯ ಬಿ. ಚೈತ್ರಾ ಇದ್ದರು. ಅಂದಿನಿಂದ ಈ ಕಡೆಯ ಹಳ್ಳಿಗಳಲ್ಲಿ ಖೋ ಖೋ ಆಡುವ ಹುಡುಗಿಯನ್ನು ನೋಡಿ ನಗುವವರು ಕಡಿಮೆಯಾಗಿದ್ದಾರೆಂದು ಅಲ್ಲಿಯ ದೈಹಿಕ ಶಿಕ್ಷಣ ನಿರ್ದೇಶಕರು ಹೇಳಿದರು.

ಅಂದಿನ ಪಂದ್ಯದಲ್ಲಿ ಆತಿಥೇಯರೇ ಬಲಿಷ್ಠರು. ಹೊರಗಿನಿಂದ ಬಂದ ತಂಡದಲ್ಲಿ ನೀಲಿ ಲಂಗೋಟಿಯಂತೆ ತಲೆಗೆ ಕೈವಸ್ತ್ರ ಕಟ್ಟಿಕೊಂಡಿದ್ದ ಕುಳ್ಳಗಿನ ಹುಡುಗಿಯೊಬ್ಬಳು ಮಾತ್ರ ಯಾರ ಕೈಗೂ ಸಿಕ್ಕದೆ ನಾಲ್ಕು ನಿಮಿಷಗಳ ಕಾಲ ಕಂಬದಿಂದ ಕಂಬಕ್ಕೆ ನುಸುಳಿದಳು. ಬೇಲಿಯ ಹೊರಗೆ ಎಳನೀರು ಮಾರುತ್ತಿದ್ದವನು ವ್ಯಾಪಾರವನ್ನು ಮರೆತು ಸೈಕಲ್ಲಿನ ಮೇಲೆ ಹತ್ತಿ ನಿಂತನು. ಕಡೆಗೆ ಅವಳೂ ಸಿಕ್ಕಳು. ಅಟ್ಟಿ ಹಿಡಿದವಳು ಅವಳ ಮೇಲೆಯೇ ಬಿದ್ದು, ಇಬ್ಬರೂ ನಗುತ್ತ ಎದ್ದರು. ಮೂರು ಅಂಕಗಳಿಂದ ಸೋಲು. ಪಂದ್ಯ ಮುಗಿದ ಮೇಲೆ ಎರಡು ತಂಡಗಳೂ ಮರದಡಿಯಲ್ಲಿ ಕಲಸಿ ಕುಳಿತು ಚಿತ್ರಾನ್ನ ತಿಂದರು. ಸೋತವರ ಉಪಾಧ್ಯಾಯಿನಿ ಗಡಿಯಾರ ನೋಡಿ, "ಬೇಗ ಬೇಗ, ಐದೂವರೆ ಬಸ್ಸು ತಪ್ಪಿದರೆ ಏಳು ಗಂಟೆವರೆಗೂ ಇಲ್ಲ" ಎಂದು ಅವಸರಪಡಿಸಿದರು. ಹುಡುಗಿಯರು ಚೀಲಗಳನ್ನು ಹೆಗಲಿಗೇರಿಸಿಕೊಂಡು, ಆಧಾರ್ ಚೀಟಿಗಳನ್ನು ಕೈಯಲ್ಲಿ ಹಿಡಿದು, ನಿಲ್ದಾಣದ ಕಡೆಗೆ ಓಡಿದರು. ಮುಂದಿನ ತಿಂಗಳು ತಮ್ಮ ಊರಿನ ಮೈದಾನಕ್ಕೆ ಬರಬೇಕೆಂದು ಅವರು ಗೆದ್ದವರನ್ನು ಕೂಗಿ ಕರೆಯುತ್ತಿದ್ದುದು ಬೀದಿಯ ತಿರುವಿನವರೆಗೂ ಕೇಳುತ್ತಿದ್ದಿತು.